ತೀರಿಹೋದ ತಂದೆಯ ನೆನಪಿಗೆ ಪುಸ್ತಕ ಮಾಡಿಸಬೇಕು, ಅವರಿಂದ ನೆರವು ಪಡೆದವರ ಪಟ್ಟಿ ಹೇಗೆ ಸೇರಿಸಲಿ?

ಪ್ರಶ್ನೆಯಲ್ಲಿ 'ಪಟ್ಟಿ' ಅನ್ನೋ ಪದ ನೋಡಿದ್ದೇ ತಡ, ಎದೆ ಧಸಕ್ಕಂತು. ವರ್ಷದ ತಿಥಿಗೆ ಇನ್ನು ನಾಲ್ಕು ತಿಂಗಳಿದೆ, ಚಿಕ್ಕಮಗಳೂರಲ್ಲಿ ಪ್ರೆಸ್ ಗೊತ್ತು ಮಾಡಿದ್ದೀರಿ, ಅಪ್ಪ ಯಾರ್ಯಾರಿಗೆ ಏನೇನು ಮಾಡಿದ್ರು ಅನ್ನೋದನ್ನ ಒಂದೂ ಬಿಡದೆ ಹಾಕಿಸಬೇಕು, ಪುಸ್ತಕನಾ ವಿಡಿಯೋನಾ ಅಂತ ಮಾತ್ರ ಗೊತ್ತಾಗ್ತಿಲ್ಲ ಅಂದಿದ್ದೀರಿ. ಇದನ್ನೆಲ್ಲ ನಾನು 2019ರಲ್ಲಿ ಮಾಡಿ ಮುಗಿಸಿದ್ದೀನಿ. ಪಟ್ಟಿ ಸಮೇತ.

ನಮ್ಮದು ಹಾಸನದ ಕಡೆ ಆಲೂಗಡ್ಡೆ ಊರು. ಊರ ಹೆಸರು ಹಾಕಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಅಪ್ಪ ಏಳನೇ ಕ್ಲಾಸು. ಮೂರೂವರೆ ಎಕರೆ ಕೆಂಪು ನೆಲ, ಎರಡು ಎಮ್ಮೆ, ನಾವು ನಾಲ್ಕು ಜನ ಮಕ್ಕಳು, ಮದುವೆಯಾಗದೆ ಉಳಿದ ಒಬ್ಬ ಸೋದರತ್ತೆ, ಅವ್ವನ ಕಡೆಯ ಇಬ್ಬರು ಓದೋ ಹುಡುಗರು. ಇಷ್ಟೂ ಜನ ಉಂಡೆದ್ದ ಮೇಲೆ ತಾನು ಕೂರೋದು ಅಪ್ಪನ ಪದ್ಧತಿ. ಮುದ್ದೆ ಆರಿ ಗಟ್ಟಿಯಾಗಿರ್ತಿತ್ತು. "ಬಿಸಿ ಮುದ್ದೆ ನಂಗಾಗಲ್ಲ" ಅಂತಿದ್ರು. ಹೊಟ್ಟೆಗಾಗಲ್ಲವೇನೋ ಅಂತ ನಾನು ಮೂವತ್ತು ವರ್ಷ ನಂಬಿದ್ದೆ. ಅಕ್ಕಂದಿರನ್ನ ಕೊಟ್ಟ ಮೇಲೆ ದಿನಾ ಸಂಜೆ ಏಳಕ್ಕೆ ಇಬ್ಬರಿಗೂ ಫೋನ್. "ಉಂಡ್ರಾ? ಮಕ್ಳು ಉಂಡ್ವಾ? ಸರಿ ಇಡ್ಲಾ." ಮುಗೀತು. ಒಂದು ನಿಮಿಷ ದಾಟಿದ್ದು ನಾನು ಕಂಡಿಲ್ಲ. ಒಂದು ದಿನ ತಪ್ಪಿದ್ದೂ ಕಂಡಿಲ್ಲ.

ಆಲೂಗಡ್ಡೆ ಬಗ್ಗೆ ಸ್ವಲ್ಪ ಹೇಳಬೇಕು, ನಿಮ್ಮದು ಕಾಫಿ ಸೀಮೆ, ಇದು ಅಷ್ಟಾಗಿ ಗೊತ್ತಿರಲ್ಲ. ನಮ್ಮ ಕಡೆ ಬೀಜದ ಗಡ್ಡೆ ಬರೋದು ಪಂಜಾಬಿನ ಜಲಂಧರದಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಮುಂದೆ ಲಾರಿ ಸಾಲು ನಿಲ್ಲುತ್ತೆ. ಐವತ್ತು ಕೆಜಿ ಚೀಲ, ಎಕರೆಗೆ ಹತ್ತು ಹನ್ನೆರಡು ಚೀಲ ಬೇಕು. ಬೆಳೆಯಲ್ಲಿ ದೊಡ್ಡ ಖರ್ಚು ಅದೇ. ತಂದ ಗಡ್ಡೆಯನ್ನ ಹಾಗೇ ಊರಲ್ಲ, ಕೊಯ್ದು ಹೋಳು ಮಾಡ್ತೀವಿ. ಅಪ್ಪ ಜಗಲಿ ಮೇಲೆ ಗೋಣಿತಾಟು ಹಾಸಿ ಕೂತು, ಒಂದೊಂದು ಗಡ್ಡೆಯನ್ನೂ ಅಂಗೈಯಲ್ಲಿ ತಿರುವಿ ತಿರುವಿ ಕಣ್ಣು ಎಲ್ಲೆಲ್ಲಿದೆ ನೋಡಿ ಚಾಕು ಇಡ್ತಿದ್ರು. ಹೋಳಿಗೆ ಎರಡು ಕಣ್ಣಾದ್ರೂ ಇರಬೇಕು. ಕೊಯ್ದಿದ್ದನ್ನ ಔಷಧಿ ನೀರಲ್ಲಿ ಅದ್ದಿ, ನೆರಳಲ್ಲಿ ಹರವಿ, ಗಾಯ ಮಾಯೋವರೆಗೆ ಕಾಯ್ತಿದ್ರು. ನಾವು ಹುಡುಗರು ಅವಸರ ಮಾಡಿ ಒಂದು ಕಣ್ಣಿನ ಹೋಳು ಮಾಡಿದ್ರೆ ಬೈತಿರಲಿಲ್ಲ. ಎತ್ತಿ ಪಕ್ಕಕ್ಕಿಟ್ಟು ಸಾರಿಗೆ ಕಳಿಸ್ತಿದ್ರು.

ಇಷ್ಟು ಮಾಡಿದ್ರೂ ಜುಲೈಯಲ್ಲಿ ನಾಲ್ಕು ದಿನ ಮೋಡ ಮುಸುಕಿ ಜಿನುಗು ಮಳೆ ಹಿಡಿದ್ರೆ ಮುಗೀತು. ಅಂಗಮಾರಿ. ಸಂಜೆ ಹಸಿರಾಗಿದ್ದ ಹೊಲದಲ್ಲಿ ಬೆಳಿಗ್ಗೆ ಕಪ್ಪು ಚುಕ್ಕೆ, ವಾರದಲ್ಲಿ ಬಿಸಿನೀರು ಹುಯ್ದಂಗೆ ಕೊಳೆತು ನಾತ. ಅಂಥ ಒಂದು ವರ್ಷ ಬಿದ್ದವನಿಗೆ ಮುಂದಿನ ಮೇ ತಿಂಗಳಲ್ಲಿ ಬೀಜಕ್ಕೆ ದುಡ್ಡು ಹುಟ್ಟಲ್ಲ. ಅಪ್ಪ ಕೊಡ್ತಿದ್ದದ್ದು ಮುಖ್ಯವಾಗಿ ಅದೇ, ಬೀಜ. ಮಿಕ್ಕಂತೆ ಯಾರದೋ ಮಗಳ ಮದುವೆಗೆ, ಯಾರದೋ ಕಾಲೇಜು ಫೀಸಿಗೆ, ಆಸ್ಪತ್ರೆಗೆ. ನಮ್ಮ ಮನೇಲಿ ಹಣ ಸುರೀತಿತ್ತು ಅಂತಲ್ಲ. ನನ್ನ ಸೈಕಲ್ಲು ಎರಡು ವರ್ಷ ಮುಂದೆ ಹೋಗಿದ್ದು ಯಾಕೆ ಅಂತ ಆಮೇಲೆ ಆ ಲೆಕ್ಕದಲ್ಲೇ ನನಗೆ ಸಿಕ್ಕಿದ್ದು.

ಈಗ ಆ ಲೆಕ್ಕದ ವಿಷಯ. ಅಪ್ಪ 2018ರ ಮಾಘದಲ್ಲಿ ಹೋದ್ರು. ಹನ್ನೊಂದು ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಟ್ಟ ಇಳಿಸುವಾಗ ಒಂದು ಗಂಟು ಸಿಕ್ತು. ಒಂಟಿಕೊಪ್ಪಲ್ ಪಂಚಾಂಗಗಳು. ಪ್ರಭವದಿಂದ ಹೇವಿಳಂಬಿವರೆಗೆ, ಒಂದು ವರ್ಷಾನೂ ತಪ್ಪದೆ 31. ಅಂಚಿನ ಬಿಳಿ ಜಾಗದಲ್ಲೆಲ್ಲ ಪೆನ್ಸಿಲ್ಲಿನ ಸಣ್ಣ ಬರಹ. "ಕೆರೆ ಹಿಂದೆ 2 ಚೀ." "ಜೋಡಿ ತೆಂಗು ಫೀಸು." "ಬಸ್ಸಿನವನು ಆಸ್ಪತ್ರೆ 4." ಒಂದು ಕಡೆಯೂ ಹೆಸರಿಲ್ಲ. ಕೆಲವಕ್ಕೆ ಮುಂದೆ 'ಬಂತು', ಕೆಲವಕ್ಕೆ ಒಂದು ಸೊನ್ನೆ.

ನಾನು ಬೆಂಗಳೂರಲ್ಲಿ ಆಡಿಟರ್ ಆಫೀಸಲ್ಲಿ ಕೆಲಸ ಮಾಡೋನು. ಅಪೂರ್ಣ ಲೆಕ್ಕ ಕಂಡ್ರೆ ಕೈ ಕಡಿಯುತ್ತೆ. ಪ್ರತಿ ಶನಿವಾರ ಊರಿಗೆ ಬಂದು ಅವ್ವನ ಪಕ್ಕ ಕೂತು ಒಂದೊಂದನ್ನೇ ಬಿಡಿಸ್ದೆ. "ಜೋಡಿ ತೆಂಗು ಅಂದ್ರೆ ಯಾರವ್ವ?" ಅವ್ವ ಹೇಳೋದು, ನಾನು ಲ್ಯಾಪ್‌ಟಾಪಲ್ಲಿ ಹಾಕೋದು. ಹೇಳ್ತಾ ಹೇಳ್ತಾ ಅವ್ವನಿಗೂ ಅಪ್ಪ ಎದುರು ಕೂತಂಗೆ ಆಗ್ತಿತ್ತು, ಖುಷಿಯಾಗಿ ಹೇಳಿದ್ಲು. ಯಾತಕ್ಕೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರು ತಿಂಗಳಲ್ಲಿ 112 ನಮೂದುಗಳಲ್ಲಿ 97 ಬಿಡಿಸಿದ್ದೆ. ಹೆಮ್ಮೆ ಪಟ್ಕೊಂಡೆ, ಆಫೀಸಲ್ಲಿ ತೋರಿಸ್ದೆ ಕೂಡ.

ನನ್ನ ತಪ್ಪನ್ನ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನೀವು ಈಗ ಅದೇ ಮೆಟ್ಟಿಲ ಮೇಲೆ ನಿಂತಿದ್ದೀರಿ. ಪಂಚಾಂಗ ನಮ್ಮ ಮನೇಲಿ ನಡುಮನೆ ಮೊಳೆಗೆ ನೇತಾಡ್ತಿತ್ತು. ಮುಹೂರ್ತ ಕೇಳೋಕೆ, ಅಮಾವಾಸ್ಯೆ ನೋಡೋಕೆ ಊರಿನ ಯಾರು ಬೇಕಾದ್ರೂ ಬಂದು ತಿರುವಿ ಹಾಕ್ತಿದ್ರು. ಅಪ್ಪ ಗುರುತು ಹಾಕಿ ಹೆಸರು ಬಿಟ್ಟಿದ್ದು ಅದಕ್ಕೇ. ತನಗೆ ನೆನಪಿರಬೇಕು, ಬಂದು ನೋಡೋನಿಗೆ ಗೊತ್ತಾಗಬಾರದು. ಹೆಸರು ಬರೆಯೋಕೆ ಬರದೆ ಬಿಟ್ಟಿದ್ದಲ್ಲ, ಗೊಬ್ಬರದ ಅಂಗಡಿ ಲೆಕ್ಕದಲ್ಲಿ ಒಬ್ಬೊಬ್ಬರ ಹೆಸರನ್ನೂ ಇನಿಷಿಯಲ್ ಸಮೇತ ಬರೀತಿದ್ರು. 31 ವರ್ಷ ಒಬ್ಬ ಮನುಷ್ಯ ಪೆನ್ಸಿಲ್ ಹಿಡಿದು 'ಇದು ಹೊರಗೆ ಹೋಗಬಾರದು' ಅಂತ ಪುಟಪುಟಕ್ಕೂ ಬರೆದಿಟ್ಟಿದ್ದ. ಅದನ್ನ ನಾನು ಒಗಟು ಅಂದ್ಕೊಂಡು ಬಿಡಿಸೋಕೆ ಕೂತೆ.

ಎರಡನೇದು ಆ ಸೊನ್ನೆ. 'ಬಂತು' ಅಂತ ಇದ್ದದ್ದು ವಾಪಸ್ ಬಂದಿದ್ದು. ಹಾಗಾದ್ರೆ ಸೊನ್ನೆ ಅಂದ್ರೆ ಬಂದಿದ್ದು ಸೊನ್ನೆ, ಅಂದ್ರೆ ಪೂರ್ತಿ ಬಾಕಿ. ಆಡಿಟರ್ ಬುದ್ಧಿ ಬೇರೆ ಹೇಗೆ ಓದುತ್ತೆ? ಅವ್ವನನ್ನ ಗುರುತು ಕೇಳಿದ ಹಾಗೆ ಸೊನ್ನೆ ಏನು ಅಂತ ಕೇಳಬಹುದಿತ್ತು. ಅದರಲ್ಲಿ ಕೇಳೋದೇನಿದೆ ಅಂತ ಬಿಟ್ಟೆ. ಇವತ್ತಿಗೂ ಬೆಂಗಳೂರು ಬಸ್ಸಲ್ಲಿ ಕಿಟಕಿ ಪಕ್ಕ ಕೂತಾಗ ಇದೇ ನೆನಪಾಗಿ ಮೈ ಬಿಸಿ ಆಗುತ್ತೆ. ಒಂದು ಪ್ರಶ್ನೆ. ಪಕ್ಕದಲ್ಲೇ ಕೂತು ಅವರೆಕಾಯಿ ಸುಲೀತಿದ್ಲು ಅವ್ವ.

ಪುಸ್ತಕ 64 ಪುಟ, ಮಲ್ಟಿಕಲರ್ ರಕ್ಷಾಪುಟ, 500 ಪ್ರತಿ. ನಡುವಿನ ಹನ್ನೆರಡು ಪುಟಕ್ಕೆ 'ಆಸರೆಯ ಕೈ' ಅಂತ ಹೆಸರಿಟ್ಟು ಪಟ್ಟಿ ಹಾಕಿಸ್ದೆ. ಹೆಸರು, ವರ್ಷ, ಕೊಟ್ಟಿದ್ದು ಏನು. ಸೊನ್ನೆ ಇದ್ದವರ ಮುಂದೆ 'ಹಿಂದಕ್ಕೆ ಕೇಳಲಿಲ್ಲ' ಅಂತ ದಪ್ಪಕ್ಷರ, ಅಪ್ಪನ ದೊಡ್ಡತನ ಎದ್ದು ಕಾಣಲಿ ಅಂತ. ಪ್ರೆಸ್ಸಿನ ಡಿಟಿಪಿ ಹುಡುಗಿ ಪ್ರೂಫ್ ಕೊಡುವಾಗ "ಸಾರ್, ಇವರಿಗೆಲ್ಲ ಹೇಳಿದ್ದೀರಾ?" ಅಂದ್ಲು. "ಇಲ್ಲಮ್ಮ, ಸರ್‌ಪ್ರೈಸ್" ಅಂದೆ. ಅವಳು ಇನ್ನೇನೋ ಹೇಳೋಕೆ ಬಾಯಿ ತೆರೆದು, ಜಿಎಸ್‌ಟಿ ಬಿಲ್ ಬೇಕಾ ಅಂತ ಕೇಳಿದ್ಲು.

ತಿಥಿ ದಿನ ಊಟಕ್ಕೆ ಕೂತವರಿಗೆಲ್ಲ ಎಲೆಯಡಿಕೆ ಚೀಲದ ಜೊತೆ ಒಂದೊಂದು ಪುಸ್ತಕ. ಮೂರನೇ ಪಂಕ್ತಿಯಲ್ಲಿ ಮೂಲೆಮನೆ ಚಿಕ್ಕಪ್ಪ ಕೂತಿದ್ರು. (ಅವರು ರಕ್ತಸಂಬಂಧ ಅಲ್ಲ, ಮನೆ ಮೂಲೇಲೂ ಇಲ್ಲ. ಈ ಸಲ ಗುರುತನ್ನೂ ಬದಲಾಯಿಸಿದ್ದೀನಿ.) ಅಪ್ಪನ ಚಟ್ಟಕ್ಕೆ ಹೆಗಲು ಕೊಟ್ಟವರು. ಪಕ್ಕದಲ್ಲಿ ಅವರ ಹೊಸ ಅಳಿಯ. ಅಳಿಯ ಪುಸ್ತಕ ತಿರುವಿ ನಕ್ಕೊಂಡು, ತಮಾಷೆಗೇ, "ಏನ್ ಮಾವ, ಬೀಜದ ಗಡ್ಡೆಗೂ ಗತಿ ಇರ್ಲಿಲ್ವಾ, ಎಂಟು ಚೀಲ ಅಂತ ಹಾಕವ್ರೆ" ಅಂದ. ಪಂಕ್ತಿಯ ಆ ಕೊನೆವರೆಗೆ ಕೇಳಿಸ್ತು. ಚಿಕ್ಕಪ್ಪ ಪುಸ್ತಕ ಇಸ್ಕೊಂಡು ಕಣ್ಣಿಗೆ ಹತ್ತಿರ ಹಿಡಿದು ಓದಿದ್ರು. ವ್ಯಯ ಸಂವತ್ಸರ, ಬೀಜ 8 ಚೀಲ, ಹಿಂದಕ್ಕೆ ಕೇಳಲಿಲ್ಲ. ಎಲೆ ಮೇಲೆ ಕಜ್ಜಾಯ ಹಾಗೇ ಇತ್ತು. ಎಲೆ ಮಡಚಿದ್ರು. ತಿಥಿ ಊಟದಲ್ಲಿ ಅರ್ಧಕ್ಕೆ ಎಲೆ ಮಡಚೋದು ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಕೈ ತೊಳೆದು, ಅವ್ವನಿಗೆ "ಬತ್ತೀನಿ ಅತ್ತಿಗೆ" ಅಂದು ಹೋದ್ರು. ನನ್ನ ಮುಖ ನೋಡಲಿಲ್ಲ.

ರಾತ್ರಿ ಅವ್ವ ಪುಸ್ತಕ ಓದಿಸಿಕೊಂಡ್ಲು. ಅಕ್ಕ ಓದಿದ್ದು. ಪಟ್ಟಿ ಬಂದಾಗ "ನಿಲ್ಸು" ಅಂದ್ಲು.

"ಸೊನ್ನೆ ಅಂದ್ರೆ ಕೊಡ್ಲಿಲ್ಲ ಅಂತ ಯಾವನ್ಲಾ ನಿಂಗೇಳಿದ್ದು?"

ಆಮೇಲೆ ಹೇಳಿದ್ಲು. ಗೊರೂರು ಅಣೆಕಟ್ಟು ಮುಗಿದಿದ್ದು 1979ರಲ್ಲಿ. ಹೇಮಾವತಿ ನೀರು ನಿಲ್ಲೋ ಜಾಗದಲ್ಲಿ ಅಪ್ಪನ ಹುಟ್ಟೂರು. ಬೇಸಿಗೇಲಿ ನೀರು ಇಳಿದಾಗ ಅಪ್ಪ ನಮ್ಮನ್ನೆಲ್ಲ ಶೆಟ್ಟಿಹಳ್ಳಿಗೆ ಕರ್ಕೊಂಡು ಹೋಗ್ತಿದ್ರು. 1860ರ ಕಾಲದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು, ಈಗ ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುತ್ತಲ್ಲ, ಪ್ರೀ-ವೆಡ್ಡಿಂಗ್ ಫೋಟೋದವರು ಮುತ್ತಿಕೊಳ್ಳೋದು, ಅದೇ. ಎಲ್ಲರೂ ಚರ್ಚು ನೋಡಿದ್ರೆ ಅಪ್ಪ ಅದರ ಆಚೆ ನೀರಿನ ಕಡೆ ಕೈ ತೋರಿಸಿ "ಆ ಕಡೆ ನಮ್ ಹೊಲ" ಅಂತಿದ್ರು. ನಾವು ಕಡಲೆಕಾಯಿ ತಿನ್ನೋದ್ರಲ್ಲಿರ್ತಿದ್ವಿ. ಆ ಮುಳುಗಡೆಯಲ್ಲಿ ಅಪ್ಪ, ಅಜ್ಜಿ, ಅತ್ತೆ ಒಂದು ಗಾಡಿ ಸಾಮಾನು ಹಾಕ್ಕೊಂಡು ಈ ಊರಿಗೆ ಬಂದಾಗ ಮೂಲೆಮನೆಯವರು ತಮ್ಮ ದನದ ಕೊಟ್ಟಿಗೆಯಲ್ಲಿ ಅರ್ಧ ತೆರವು ಮಾಡಿ ಕೊಟ್ರಂತೆ. ಹದಿನಾಲ್ಕು ತಿಂಗಳು. ಬಾಡಿಗೆ ಇಲ್ಲ, ದಿನಾ ಬೆಳಿಗ್ಗೆ ಒಂದು ಚೊಂಬು ಹಾಲು. ಅದನ್ನ ಅವರು ಯಾವ ಪಂಚಾಂಗದಲ್ಲೂ ಬರೆದಿಡಲಿಲ್ಲ.

ಎಂಟು ಚೀಲದ ಕಥೇನೂ ಅಷ್ಟೇ. ಆ ವರ್ಷ ಅಪ್ಪನಿಗೆ ಸ್ಲಿಪ್ ಡಿಸ್ಕ್ ಆಗಿ ಎರಡು ತಿಂಗಳು ಮಲಗಿದ್ರು. ನಾನಾಗ ಕಾಲೇಜು ಹಾಸ್ಟೆಲಲ್ಲಿದ್ದೆ, ಪರೀಕ್ಷೆ ಇದೆ ಅಂತ ನನಗೆ ಹೇಳೇ ಇರಲಿಲ್ಲ. ನಮ್ಮ ಮೂರೂವರೆ ಎಕರೆ ಉತ್ತು, ಊರಿ, ಮಣ್ಣು ಏರು ಹಾಕಿ, ಔಷಧಿ ಹೊಡೆದು, ಕಿತ್ತು ಮಂಡಿಗೆ ಹಾಕಿದ್ದು ಮೂಲೆಮನೆ ಚಿಕ್ಕಪ್ಪ. ಅದಕ್ಕೇ ಸೊನ್ನೆ. "ಲೆಕ್ಕ ಮುಗೀತು ಅಂತ್ಲಾ ಅದು. ಕೊಟ್ಟೋರು ಯಾರು ತಗೊಂಡೋರು ಯಾರು ಅಂತ ಇನ್ನ ಕೇಳ್ಬಾರ್ದು ಅಂತ" ಅಂದ್ಲು ಅವ್ವ. ಲೆಕ್ಕ ಮುಗಿಸಿದ್ದ ಮನುಷ್ಯನನ್ನ ನಾನು ದಪ್ಪಕ್ಷರದಲ್ಲಿ ಸಾಲಗಾರನ ಮಾಡಿದ್ದೆ, ಅದೂ ಅಳಿಯನ ಮುಂದೆ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡ್ತೀನಿ. ಮಾರನೇ ದಿನ ಹಂಚಿದ ಪುಸ್ತಕ ವಾಪಸ್ ತರೋಕೆ ಮನೆ ಮನೆಗೆ ಹೋದೆ. "ಪ್ರಿಂಟಿಂಗ್ ಮಿಸ್ಟೇಕ್ ಆಗಿದೆ, ಕೊಡಿ." ಅಲ್ಲಿವರೆಗೆ ಓದದೆ ಟೀವಿ ಮೇಲೆ ಇಟ್ಟಿದ್ದವರೂ ಆವತ್ತು ತೆಗೆದು ಓದಿದ್ರು. 140 ಹಂಚಿದ್ದೆ, 61 ಸಿಕ್ಕಿತು. ಮೂರು ಮನೆಯವರು ಪುಸ್ತಕದ ಜೊತೆ ದುಡ್ಡಿನ ಕವರ್ ಇಟ್ಟು ಕೊಟ್ರು. ತಗೊಳ್ಳಲ್ಲ ಅಂದ್ರೆ ಬಾಗಿಲು ಹಾಕ್ಕೊಂಡ್ರು. ಆ ಫೀಸು ಅಂತ ಇತ್ತಲ್ಲ, ಆ ಹುಡುಗ ಈಗ ಬೆಂಗಳೂರಲ್ಲಿ ನನಗಿಂತ ಒಳ್ಳೇ ಕೆಲಸದಲ್ಲಿದ್ದಾನೆ. ಎದುರು ಸಿಕ್ಕಾಗ ಮೊದಲಿನ ಹಾಗೆ ಅಣ್ಣ ಅಂತ ಕರೆಯೋದು ಬಿಟ್ಟು ಈಗ ಸರ್ ಅಂತಾನೆ.

ಆ ಮೇ ತಿಂಗಳು ಒಂದು ಗೂಡ್ಸ್ ಆಟೋ ನಮ್ಮ ಮನೆ ಮುಂದೆ ನಿಂತು ಎಂಟು ಚೀಲ ಬೀಜ ಇಳಿಸಿ ಹೋಯ್ತು. ಜಲಂಧರದ್ದೇ, ಹೊಲಿಗೆ ಬಿಚ್ಚಿರಲಿಲ್ಲ. ಯಾರು ಕಳಿಸಿದ್ದು ಅಂತ ಆಟೋದವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಒಂದು ವಾರ ಆ ಚೀಲಗಳು ಜಗಲಿ ಮೇಲೆ ಕೂತಿದ್ವು. ವಾಪಸ್ ಕಳಿಸೋಣ ಅಂದೆ. "ಇನ್ನೂ ಎಷ್ಟು ಅವಮಾನ ಮಾಡ್ಬೇಕು ಅಂತಿದ್ದೀಯ? ಕೊಯ್ಯಿ, ಕೂತ್ಕೊಂಡು" ಅಂದ್ಲು ಅವ್ವ. ರಜೆ ಹಾಕಿ ಗೋಣಿತಾಟು ಹಾಸಿ ಕೂತೆ. ಎರಡು ಕಣ್ಣು ನೋಡಿ ಕೊಯ್ಯೋಕೆ ಅಪ್ಪನ ಅರ್ಧ ವೇಗವೂ ನನಗಿಲ್ಲ. ಹೆಬ್ಬೆರಳಲ್ಲಿ ಇವತ್ತಿಗೂ ಗಾಯದ ಗುರುತಿದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ: ಪುಸ್ತಕನೂ ಬೇಡ, ವಿಡಿಯೋನೂ ಬೇಡ. ಪಟ್ಟಿಯಂತೂ ಬೇಡವೇ ಬೇಡ. "ಅಪ್ಪ ಏನೇನು ಮಾಡಿದ್ರು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು" ಅಂತ ಬರೆದಿದ್ದೀರಲ್ಲ, ಯಾರಿಗೆ ಗೊತ್ತಾಗಬೇಕಿತ್ತೋ ಅವರಿಗೆ ಗೊತ್ತಿದೆ. ಮಿಕ್ಕವರಿಗೆ ಅದು ಮನರಂಜನೆ. ಹೆಸರು ಬಿಟ್ಟು ಬರೀತೀನಿ ಅಂತೀರೇನೋ. ಹಳ್ಳಿಯಲ್ಲಿ 'ಒಬ್ಬ ಬಡ ವಿಧವೆ' ಅಂತ ಬರೆದ್ರೆ ಯಾರು ಅಂತ ಗೊತ್ತಾಗೋಕೆ ಎರಡು ನಿಮಿಷ ಸಾಕು. ಅವರನ್ನೇ ಕೇಳಿ ಒಪ್ಪಿಗೆ ತಗೊಂಡು ಹಾಕ್ತೀನಿ ಅಂದ್ರೆ ಅದು ಇನ್ನೂ ಕೆಟ್ಟದ್ದು. ಸತ್ತವರ ಮಗ ಬಂದು ಕೇಳಿದ್ರೆ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ತಾವಾಗೇ ಎದ್ದು ನಿಂತು ಹೇಳೋರು ಇದ್ರೆ ಹೇಳಲಿ, ನೀವು ಕೂತು ಕೇಳಿ. ಫ್ಲೆಕ್ಸ್ ಹಾಕಿಸೋದು ನಿಮ್ಮಿಷ್ಟ, ಅದು ಮಳೆಗೆ ಹರಿದು ಹೋಗೋದ್ರಿಂದ ಅಂಥ ಅಪಾಯ ಇಲ್ಲ.

ಬರೀಲೇಬೇಕು ಅಂತ ಕೈ ಕಡಿದ್ರೆ ಮನೆಯೊಳಗಿನದನ್ನ ಬರೀರಿ, ಮನೆಯವರಿಗೆ. ನನ್ನ 64 ಪುಟದಲ್ಲಿ ಆರಿದ ಮುದ್ದೆ ಇರಲಿಲ್ಲ. ಏಳು ಗಂಟೆ ಫೋನ್ ಇರಲಿಲ್ಲ. ಹಾಸನಾಂಬೆದೂ ಇರಲಿಲ್ಲ. ನಿಮಗೆ ಗೊತ್ತೇ ಇರುತ್ತೆ, ಆ ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಂದು ಸಲ, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರದಿಂದ ಬಲಿಪಾಡ್ಯಮಿವರೆಗೆ. ನೂಕುನುಗ್ಗಲು. ಪ್ರತಿ ವರ್ಷ ಅಪ್ಪ ಇಡೀ ಮನೆಯನ್ನ, ನೆಂಟರ ಮಕ್ಕಳನ್ನೂ ಸೇರಿಸಿ, ಬಸ್ಸಲ್ಲಿ ಹಾಸನಕ್ಕೆ ಕರ್ಕೊಂಡು ಹೋಗಿ ಕ್ಯೂಗೆ ಬಿಡ್ತಿದ್ರು. ತಾವು ಹೊರಗೆ. "ಚಪ್ಲಿ ಕಾಯ್ಬೇಕಲ್ಲ." ಹದಿನೈದು ಹದಿನಾರು ಜೊತೆ ಚಪ್ಪಲಿಯನ್ನ ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿಕೊಂಡು, ಚಿಕ್ಕ ಮಕ್ಕಳದ್ದನ್ನ ಮಡಿಲಲ್ಲಿಟ್ಕೊಂಡು, ಮೂರು ಗಂಟೆ ಕೂತಿರ್ತಿದ್ರು. ನಾವು ಬಂದ ಕೂಡಲೆ "ದೀಪ ಉರೀತಿತ್ತಾ?" ಅಂತ ಕೇಳೋದು. ಹೋದ ವರ್ಷ ಹಚ್ಚಿಟ್ಟ ದೀಪ ಬಾಗಿಲು ತೆಗೆಯೋವರೆಗೂ ಉರೀತಾನೇ ಇರುತ್ತೆ ಅನ್ನೋ ನಂಬಿಕೆ ಇದೆಯಲ್ಲ. ಊಂ ಅಂದ್ರೆ ಸಾಕು, ತಾವೇ ನೋಡಿದಂಗೆ ಕೈ ಮುಗೀತಿದ್ರು. ಲೆಕ್ಕ ಹಾಕಿದ್ರೆ ನನಗೆ ನೆನಪಿರೋ ಹಾಗೆ ಒಳಗೆ ಹೋಗಿದ್ದು ಎರಡೇ ಸಲ.

ನಿಮ್ಮ ತಾಯಿ ಇದ್ದಾರೆ ಅಂತ ಬರೆದಿದ್ದೀರಿ. ಪ್ರೆಸ್ಸಿಗೆ ಕೊಟ್ಟ ಅಡ್ವಾನ್ಸ್ ಹೋದ್ರೆ ಹೋಗಲಿ. ಅವರ ಪಕ್ಕ ಕೂತು, ಲ್ಯಾಪ್‌ಟಾಪ್ ಇಲ್ಲದೆ, ಅಪ್ಪ ಬರೆದಿಟ್ಟಿದ್ದನ್ನ ಬಿಟ್ಟು ಬರೆಯದೆ ಬಿಟ್ಟಿದ್ದನ್ನ ಕೇಳಿ. ತಿಥಿಗೆ ಕರೀರಿ, ಹೊಟ್ಟೆ ತುಂಬ ಬಡಿಸಿ, ಎಲೆಯಡಿಕೆ ಕೊಟ್ಟು ಕಳಿಸಿ. ಬರೋರು ಯಾಕೆ ಬಂದ್ರು ಅಂತ ಅವರಿಗೆ ಗೊತ್ತಿರುತ್ತೆ.

ಮೂಲೆಮನೆ ಚಿಕ್ಕಪ್ಪ ಆಮೇಲೆ ನಮ್ಮ ಹೊಸ್ತಿಲು ತುಳೀಲಿಲ್ಲ. ಪಿತೃಪಕ್ಷದ ಎಡೆಗೆ ಚಿಕ್ಕಮ್ಮ ಒಬ್ಬರೇ ಬಂದು ಹೋಗ್ತಿದ್ರು, ಅವರಿಗೆ ಮಂಡಿನೋವು ಅನ್ನೋರು. ಎಷ್ಟು ವರ್ಷ ಅಂತ ಮಂಡಿನೋವು. ಕೆಲಸ ಮನೆಯಿಂದಲೇ ಮಾಡೋ ಅವಕಾಶ ಸಿಕ್ಕ ಮೇಲೆ ನಾನು ಊರಲ್ಲೇ ಹೆಚ್ಚು ಇರ್ತೀನಿ. ಸುತ್ತಮುತ್ತ ಎಲ್ಲರೂ ಜೋಳಕ್ಕೆ, ಶುಂಠಿಗೆ ತಿರುಗಿಕೊಂಡ್ರೂ ಒಂದು ಎಕರೆ ಆಲೂಗಡ್ಡೆ ಹಾಕ್ತಿದ್ದೀನಿ, ಲಾಭಕ್ಕಲ್ಲ. ಈ ಮೇ ತಿಂಗಳು ಜಗಲಿಯಲ್ಲಿ ಬೀಜ ಕೊಯ್ತಾ ಕೂತಿದ್ದಾಗ ಬೇಲಿ ಹತ್ರ ಕೆಮ್ಮಿದ ಸದ್ದು. ಕೋಲು ಊರಿಕೊಂಡು ನಿಂತಿದ್ರು. ಒಳಗೆ ಬನ್ನಿ ಚಿಕ್ಕಪ್ಪ ಅಂದೆ. ಬರಲಿಲ್ಲ. ನಾನು ಕೊಯ್ದ ಹೋಳುಗಳನ್ನ ಅಲ್ಲಿಂದಲೇ ನೋಡ್ತಾ ನಿಂತು, "ಅದ್ರಲ್ಲಿ ಒಂದೇ ಕಣ್ಣೈತೆ ನೋಡು, ತಗದಾಕು" ಅಂದ್ರು. ತೆಗೆದು ಹಾಕಿದೆ. ಇನ್ನೂ ಸ್ವಲ್ಪ ಹೊತ್ತು ನಿಂತಿದ್ರು.

"ಮಗಾ, ನಿನ್ ಹತ್ರ ಬೀಜ ಮಿಕ್ಕಿದ್ರೆ ಕೊಡು. ದುಡ್ಡು ಹಬ್ಬಕ್ಕೆ ಕೊಡ್ತೀನಿ."

ಕೊಟ್ಟೆ. ಎಷ್ಟು ಚೀಲ ಅಂತ ಕೇಳಬೇಡಿ.